ಬಾಹ್ಯಾಕಾಶದ ಗೇಮಿಗೆ ಬೀದರಿನ ತರಫ್‌ದಾರರು

ಇಡೀ ಸಾಮ್ರಾಜ್ಯವನ್ನು ಕಟ್ಟಿ ಆಳುವ, ಬಾಹ್ಯಾಕಾಶದ ಗ್ರ್ಯಾಂಡ್ ಸ್ಟ್ರಾಟೆಜಿ ಗೇಮ್‌ಗಳ ಆರಂಭದಷ್ಟು ಸುಖ ನನಗೆ ಬೇರೆ ಯಾವ ಗೇಮಿನಲ್ಲೂ ಸಿಕ್ಕಿಲ್ಲ. ಒಂದು ಗ್ರಹ, ಒಂದು ಶೋಧನೌಕೆ, ಸುತ್ತಲೂ ಕತ್ತಲು. ಆದರೆ ಅರ್ಧ ಆಟ ಮುಗಿಯುವ ಹೊತ್ತಿಗೆ ಆ ಸುಖ ಸೋರಿಹೋಗಿರುತ್ತದೆ. ನೂರು ನಕ್ಷತ್ರಗಳ ಸಾಮ್ರಾಜ್ಯವೂ ಹತ್ತು ನಕ್ಷತ್ರಗಳ ಸಾಮ್ರಾಜ್ಯದಷ್ಟೇ ವಿಧೇಯವಾಗಿರುತ್ತದೆ. ಗಡಿಯ ಕೊನೆಯ ಗ್ರಹವೂ ರಾಜಧಾನಿಯ ಆಜ್ಞೆಯನ್ನು ಆ ಕ್ಷಣವೇ ಪಾಲಿಸುತ್ತದೆ. ಗೆಲ್ಲುವುದು ಖಚಿತವಾದ ಮೇಲೂ ಗಂಟೆಗಟ್ಟಲೆ ಆಡುತ್ತಿರಬೇಕು. ಬೀದರಿನಲ್ಲಿ ಕುಳಿತು ನಾನು ಕಟ್ಟುತ್ತಿರುವ ಗೇಮ್ ಹುಟ್ಟಿದ್ದು ಈ ಕೊರತೆಯನ್ನು ನೀಗಿಸಬೇಕೆಂಬ ಹಠದಿಂದ.

ನಕಾಶೆಯ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಇಂಥದೇ ಒಂದು ಗೇಮ್, ಸ್ಟೆಲಾರಿಸ್. 2016ರಲ್ಲಿ ಅದು ಬಿಡುಗಡೆಯಾದಾಗ ವಾರ್ಪ್ (ಹಾದಿಯಿಲ್ಲದೆ ನೇರ ಹಾರುವುದು), ವರ್ಮ್‌ಹೋಲ್ (ಸುರಂಗದಂಥ ಬಾಗಿಲಿನ ಮೂಲಕ ಜಿಗಿಯುವುದು), ಹೈಪರ್‌ಲೇನ್ (ನಕ್ಷತ್ರಗಳ ನಡುವಿನ ನಿಗದಿತ ಹಾದಿಗಳು) ಎಂದು ಮೂರು ಬಗೆಯ ಪ್ರಯಾಣಗಳಿದ್ದವು, ಆರಂಭದಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. 2018ರ 2.0 ಆವೃತ್ತಿಯಲ್ಲಿ ಆ ಆಯ್ಕೆಯನ್ನು ತೆಗೆದು ಎಲ್ಲರನ್ನೂ ಹೈಪರ್‌ಲೇನ್‌ಗಳ ಮೇಲೆಯೇ ಆರಂಭಿಸುವಂತೆ ಮಾಡಿದರು. ಅನೇಕ ಆಟಗಾರರು ಸಿಟ್ಟಾದರು. ನನ್ನ ಮಟ್ಟಿಗೆ ಆ ಗೇಮಿನ ಚರಿತ್ರೆಯಲ್ಲೇ ಅತ್ಯಂತ ಧೈರ್ಯದ ನಿರ್ಧಾರ ಅದು. ಎಲ್ಲಿಂದ ಎಲ್ಲಿಗೆ ಬೇಕಾದರೂ ಹಾರಬಹುದಾದರೆ ಗಡಿಗೆ ಅರ್ಥವಿಲ್ಲ, ಕೋಟೆಗೆ ಕೆಲಸವಿಲ್ಲ. ಹಾದಿಗಳಿದ್ದರೆ ಮಾತ್ರ ಒಂದು ಬಡ ನಕ್ಷತ್ರವೂ ಘಟ್ಟದ ಕಣಿವೆಯಂತೆ ಬೆಲೆ ಪಡೆಯುತ್ತದೆ.

ಹಾಗಾಗಿ ನನ್ನ ನಕಾಶೆಯಲ್ಲಿಯೂ ಹಾದಿಗಳೇ ಇವೆ. ನಕ್ಷತ್ರಗಳನ್ನು ತೀರಾ ಒತ್ತೊತ್ತಾಗದಂತೆ ಚೆಲ್ಲಿ, ಡೆಲೋನೆ ತ್ರಿಕೋನಗಳೆಂಬ ಗಣಿತದ ವಿಧಾನದಿಂದ ನೆರೆಯವುಗಳನ್ನು ಜೋಡಿಸುತ್ತೇನೆ. ಅದರಲ್ಲಿ ಎಲ್ಲ ನಕ್ಷತ್ರಗಳನ್ನೂ ತಲುಪಲು ಬೇಕಾದ ಅತಿ ಕಡಿಮೆ ಹಾದಿಗಳನ್ನಷ್ಟೇ ಉಳಿಸಿಕೊಂಡು, ಅಳಿಸಿದವುಗಳಲ್ಲಿ ಕೆಲವನ್ನು ಮತ್ತೆ ಸೇರಿಸುತ್ತೇನೆ. ಎಷ್ಟನ್ನು ಸೇರಿಸುತ್ತೇನೆ ಎಂಬುದರ ಮೇಲೆ ಇಡೀ ಆಟದ ಸ್ವಭಾವ ನಿಂತಿದೆ. ಕಡಿಮೆ ಸೇರಿಸಿದರೆ ಯುದ್ಧವೆಲ್ಲ ಒಂದೇ ಬಾಗಿಲಲ್ಲಿ ಹೆಪ್ಪುಗಟ್ಟುತ್ತದೆ. ಹೆಚ್ಚು ಸೇರಿಸಿದರೆ ಶತ್ರು ಕೋಟೆಯನ್ನು ತಪ್ಪಿಸಿ ಬೇರೆ ಹಾದಿಯಲ್ಲಿ ಹೋಗುತ್ತಾನೆ.

ಇನ್ನು ಸಾಮ್ರಾಜ್ಯ ಒಳಗಿನಿಂದ ಒಡೆಯುವ ಬಗೆ. ಅದಕ್ಕೆ ಮಾದರಿಯನ್ನು ದೂರ ಹುಡುಕಬೇಕಾಗಿರಲಿಲ್ಲ. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ಆರಂಭವಾದ ಬಹಮನಿ ರಾಜ್ಯ, ಮುಂದೆ ಬೀದರಿಗೆ ಸ್ಥಳಾಂತರವಾಯಿತು. ರಾಜ್ಯ ಹಿಗ್ಗಿದಂತೆ ತರಫ್‌ಗಳೆಂಬ ನಾಲ್ಕು ಪ್ರಾಂತಗಳೂ ಹಿಗ್ಗಿದವು, ಅವುಗಳನ್ನು ಆಳುತ್ತಿದ್ದ ತರಫ್‌ದಾರರು ತಾವೇ ಅರಸರೆಂಬಷ್ಟು ಬಲಿತರು. ನಮ್ಮೂರಿನ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗವಾನ್ ಮಾಡಿದ ಏರ್ಪಾಡನ್ನು ಓದುವಾಗ, ಅದು ಒಬ್ಬ ಗೇಮ್ ವಿನ್ಯಾಸಕನ ಟಿಪ್ಪಣಿಯಂತೆಯೇ ನನಗೆ ಕಂಡಿತು. ನಾಲ್ಕು ತರಫ್‌ಗಳನ್ನು ಎಂಟು ಮಾಡಿದ. ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಎಂದು ನಿಗದಿ ಮಾಡಿ, ಉಳಿದವನ್ನು ಸುಲ್ತಾನನ ನೇರ ಹಿಡಿತಕ್ಕೆ ತಂದ. ಪ್ರತಿ ಪ್ರಾಂತದಲ್ಲೂ ಒಂದಷ್ಟು ಭೂಮಿಯ ಕಂದಾಯ ನೇರವಾಗಿ ಖಜಾನೆಗೆ ಸೇರುವಂತೆ ಮಾಡಿದ.

ಈ ಮೂರನ್ನೂ ನಾನು ಹಾಗೆಯೇ ಆಟಗಾರನ ಕೈಗೆ ಕೊಟ್ಟಿದ್ದೇನೆ. ಪ್ರಾಂತವನ್ನು ಒಡೆಯಬಹುದು, ಕೋಟೆ ಠಾಣೆಗಳನ್ನು ಕಿತ್ತುಕೊಳ್ಳಬಹುದು, ಆಯ್ದ ಗ್ರಹಗಳ ಕಂದಾಯವನ್ನು ರಾಜಧಾನಿಗೆ ಮೀಸಲಿಡಬಹುದು. ಪ್ರತಿಯೊಂದಕ್ಕೂ ಬೆಲೆಯಿದೆ. ಕೋಟೆ ರಾಜಧಾನಿಯ ಕೈಯಲ್ಲಿದ್ದರೆ ಕಡಲ್ಗಳ್ಳರಂಥ ದಾಳಿಕೋರರು ಬಂದಾಗ ಅಲ್ಲಿನ ದಳಪತಿ ಆಜ್ಞೆಗಾಗಿ ಕಾಯುತ್ತಾನೆ. ತರಫ್‌ದಾರನ ಕೈಯಲ್ಲಿದ್ದರೆ ತಕ್ಷಣ ಹೊರಡುತ್ತಾನೆ, ಆದರೆ ಆ ನೌಕಾಪಡೆ ಮುಂದೊಂದು ದಿನ ನಿಮ್ಮ ಮೇಲೆಯೇ ತಿರುಗಬಹುದು.

ಇದೆಲ್ಲಕ್ಕೂ ಜೀವ ಬಂದದ್ದು ಸುದ್ದಿಯನ್ನು ನಿಧಾನಗೊಳಿಸಿದಾಗ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯೂ ಸುಮಾರು 4.24 ಜ್ಯೋತಿರ್ವರ್ಷ ದೂರದಲ್ಲಿದೆ. ರೇಡಿಯೊ ಸಂದೇಶಕ್ಕೆ ಅಷ್ಟೇ ವರ್ಷಗಳು ಹಿಡಿಯುತ್ತವೆ. ಗೇಮಿನಲ್ಲಿ ನೌಕೆಗಳು ಬೆಳಕಿಗಿಂತ ವೇಗವಾಗಿ ಹೋಗುತ್ತವೆ ಎಂದು ಒಪ್ಪಿಕೊಂಡರೆ, ಸುದ್ದಿಯೂ ನೌಕೆಯಲ್ಲಿಯೇ ಬರಬೇಕು ಎಂಬುದನ್ನೂ ಒಪ್ಪಬೇಕು. ಆದ್ದರಿಂದ ದೂರದ ಪ್ರಾಂತದ ಅಂಕಿಗಳನ್ನು ಕೊನೆಯ ಓಲೆನೌಕೆ ಬಂದ ದಿನಾಂಕದೊಂದಿಗೆ ತೋರಿಸುತ್ತೇನೆ. ದಿನ ಕಳೆದಂತೆ ಅವುಗಳ ಬಣ್ಣ ಮಾಸುತ್ತದೆ. ತರಫ್‌ದಾರನಿಗೂ ಇದೇ ನಿಯಮ. ರಾಜಧಾನಿಯ ಬಲದ ಬಗ್ಗೆ ಅವನಿಗೆ ಗೊತ್ತಿರುವುದು ಹಳೆಯ ಸುದ್ದಿ, ದಂಗೆಯ ಲೆಕ್ಕಾಚಾರವನ್ನು ಅವನು ಅದರ ಮೇಲೆಯೇ ಮಾಡುತ್ತಾನೆ. ಕಂದಾಯ ಕಳಿಸುವುದೋ, ತಡೆಹಿಡಿಯುವುದೋ, ನೌಕೆ ಕಟ್ಟುವುದೋ, ನೆರೆಯ ತರಫ್‌ದಾರನಿಗೆ ಗುಟ್ಟಾಗಿ ಓಲೆ ಬರೆಯುವುದೋ ಎಂದು ಪ್ರತಿ ಆಯ್ಕೆಗೂ ಅಂಕ ಹಾಕಿ ಹೆಚ್ಚಿನದನ್ನು ಆರಿಸುತ್ತಾನೆ. ಒಬ್ಬನೇ ದಂಗೆ ಏಳುವುದು ಅಪರೂಪ. ನೆರೆಯವನೂ ಸೇರಬಹುದೆಂಬ ಅಂದಾಜು ಮೂಡಿದಾಗಲೇ ಕಿಡಿ ಹತ್ತುತ್ತದೆ.

ಕಲಬುರಗಿಯ ಗೆಳೆಯರ ಮನೆಯಲ್ಲಿ ಇದನ್ನು ಆಡಿಸಿ ನೋಡುವಾಗ, ಒಬ್ಬ ಕಾಲೇಜು ಹುಡುಗ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ: "ಅಣ್ಣಾ, ಇವನು ಕಂದಾಯ ಸರಿಯಾಗಿ ಕಳಿಸುತ್ತಿದ್ದಾನೆ. ಹಾಗಿದ್ದರೂ ಕೋಟೆ ಕಿತ್ತುಕೊಳ್ಳಬೇಕೇ?" ನಾನು ಉತ್ತರ ಹೇಳಲಿಲ್ಲ. ಅವನು ಬಹಳ ಹೊತ್ತು ಯೋಚಿಸಿ ಕೋಟೆಯನ್ನು ಬಿಟ್ಟು, ಎರಡು ಗ್ರಹಗಳ ಕಂದಾಯವನ್ನು ಮಾತ್ರ ಮೀಸಲಿಟ್ಟ. ಸಾಮ್ರಾಜ್ಯ ದೊಡ್ಡದಾದ ಮೇಲೆ ಆಟಗಾರ ಹಾಗೆ ತಡೆದು ಯೋಚಿಸಬೇಕು ಎಂಬುದೇ ನನ್ನ ಆಸೆಯಾಗಿತ್ತು.

1481ರಲ್ಲಿ ಮೂರನೆಯ ಮುಹಮ್ಮದ್ ಶಾ ಒಂದು ನಕಲಿ ಪತ್ರವನ್ನು ನಂಬಿ ಗವಾನನನ್ನು ಕೊಲ್ಲಿಸಿದ. ಆ ಪತ್ರವೂ ಗೇಮಿನಲ್ಲಿದೆ. ನಿಮ್ಮ ಅತ್ಯಂತ ಸಮರ್ಥ ಮಂತ್ರಿಯ ಮುದ್ರೆಯಿರುವ ಓಲೆ ಶತ್ರುವಿನ ನೌಕೆಯಲ್ಲಿ ಸಿಗುತ್ತದೆ. ವಿಚಾರಣೆ ಮಾಡಿಸಬಹುದು, ಆದರೆ ಸತ್ಯ ತಲುಪಲೂ ನೌಕೆ ಹೋಗಿ ಬರಬೇಕು. ಅಷ್ಟರಲ್ಲಿ ತರಫ್‌ದಾರರು ನಿಮ್ಮ ಮೌನವನ್ನೇ ಅಳೆಯುತ್ತಿರುತ್ತಾರೆ. ಕೆಲವೊಮ್ಮೆ ಪತ್ರ ನಿಜವೂ ಆಗಿರುತ್ತದೆ. ಹಾಗಿಲ್ಲದಿದ್ದರೆ ಎರಡನೆಯ ಬಾರಿ ಆಡುವವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.

ಕೋಡ್ ಬಗ್ಗೆ ಒಂದೇ ಮಾತು. ಗೇಮ್ ಪೂರ್ತಿ ಕನ್ನಡದಲ್ಲಿರಬೇಕು ಎಂಬುದು ನನ್ನ ಷರತ್ತಾಗಿತ್ತು. ಅದಕ್ಕೇ ಗೇಮ್ ಕಟ್ಟುವ ತಂತ್ರಾಂಶವಾದ ಗೊಡೊ ಎಂಜಿನ್ನಿನ ನಾಲ್ಕನೆಯ ಆವೃತ್ತಿ ಆರಿಸಿಕೊಂಡೆ. 2023ರಲ್ಲಿ ಬಂದ ಇದರಲ್ಲಿ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಇರುವುದರಿಂದ ಒತ್ತಕ್ಷರಗಳು ತಮ್ಮ ಜಾಗದಲ್ಲಿಯೇ ಕೂರುತ್ತವೆ.

ಈಗ ದುಡಿಯುತ್ತಿರುವುದು ಒಡೆದ ನಂತರದ ಆಟದ ಮೇಲೆ. ಬಹಮನಿ ರಾಜ್ಯ ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್ ಎಂದು ಐದಾದ ಮೇಲೂ ಚರಿತ್ರೆ ನಿಲ್ಲಲಿಲ್ಲ. ನನ್ನ ಗೇಮಿನಲ್ಲೂ ಸಾಮ್ರಾಜ್ಯ ಒಡೆದಾಗ 'ಸೋತಿರಿ' ಎಂಬ ಪರದೆ ಬರುವುದಿಲ್ಲ, ಚೂರುಗಳಲ್ಲಿ ಒಂದನ್ನು ಆರಿಸಿಕೊಂಡು ಮುಂದುವರಿಯಬಹುದು. ಎದುರು ನಿಂತ ನೌಕೆಗಳೆಲ್ಲ ನಿಮ್ಮದೇ ವಿನ್ಯಾಸದವು, ಅವುಗಳ ದೌರ್ಬಲ್ಯ ನಿಮಗೂ ಗೊತ್ತು, ಅವರಿಗೂ ಗೊತ್ತು. ಐದರಲ್ಲಿ ಅತಿ ಚಿಕ್ಕ ಚೂರನ್ನು ಆರಿಸಿದವನಿಗೂ ಗೆಲ್ಲುವ ದಾರಿ ಉಳಿಯುವಂತೆ ಅಂಕಿಗಳನ್ನು ಹೊಂದಿಸುವ ಕೆಲಸ ಇನ್ನೂ ನಡೆದಿದೆ.