ಏಳು ಕಡತ ಒಂದಾದ ಕತೆ

ಎಲ್ಲ ದಾಖಲೆಗಳೂ ಒಂದೇ ಪಿಡಿಎಫ್‌ನಲ್ಲಿರಬೇಕು, ಗಾತ್ರ 5 ಎಂಬಿ ಮೀರಬಾರದು ಎಂಬುದು ಅರ್ಜಿಯ ಷರತ್ತು. ನನ್ನ ಬಳಿ ಇದ್ದದ್ದು ಏಳು ಕಡತ: ವರ್ಡ್‌ನಲ್ಲಿ ಬರೆದ ಮನವಿ ಪತ್ರ ಮತ್ತು ಸ್ವವಿವರ, ಮೊಬೈಲ್‌ನಲ್ಲಿ ತೆಗೆದ ಪ್ರಮಾಣಪತ್ರಗಳ ನಾಲ್ಕು ಫೋಟೊ, ಪಾಸ್‌ವರ್ಡ್ ಹಾಕಿದ ಒಂದು ಪಿಡಿಎಫ್.

ಮೊದಲು ಮಾಡಿದ ದಡ್ಡತನವೆಂದರೆ ಫೋಟೊಗಳನ್ನೆಲ್ಲ ವರ್ಡ್‌ನಲ್ಲಿ ಅಂಟಿಸಿದ್ದು. ಒಂದು ಚಿತ್ರವನ್ನು ಕೊಂಚ ಸರಿಸಿದರೆ ಮುಂದಿನದು ಇನ್ನೊಂದು ಪುಟಕ್ಕೆ ಹಾರುತ್ತಿತ್ತು. ಒಂದು ಗಂಟೆ ಹೆಣಗಾಡಿ ಕೈಬಿಟ್ಟೆ.

ಆಮೇಲೆ ವರ್ಡ್ ಕಡತಗಳನ್ನು ಅಲ್ಲಿಂದಲೇ ಪಿಡಿಎಫ್ ಆಗಿ ಉಳಿಸಿದೆ. (ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡುವವರನ್ನು ಕಂಡಿದ್ದೇನೆ, ಅಕ್ಷರವೆಲ್ಲ ಚಿತ್ರವಾಗಿ, ಹುಡುಕಲೂ ಬರುವುದಿಲ್ಲ.) ಪ್ರಮಾಣಪತ್ರಗಳನ್ನು ಸ್ಕ್ಯಾನರಿನಲ್ಲಿ 150 ಡಿಪಿಐಗೆ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ) ಇಟ್ಟು, ಬೂದು ಬಣ್ಣದಲ್ಲಿ ಹೊಸದಾಗಿ ತೆಗೆದೆ. 300ರಿಂದ 150ಕ್ಕೆ ಇಳಿಸಿದರೆ ಪಿಕ್ಸೆಲ್‌ಗಳು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತವೆ. ಮೊಹರಿನ ಸುತ್ತಲಿನ ಸಣ್ಣ ಅಕ್ಷರವನ್ನು ಆಗಲೂ ಓದಬಹುದಾಗಿತ್ತು.

ಬೀಗ ಹಾಕಿದ್ದ ಪಿಡಿಎಫ್ ಅನ್ನು ಪಾಸ್‌ವರ್ಡ್ ಕೊಟ್ಟು ಬ್ರೌಸರಿನಲ್ಲಿ ತೆರೆದೆ. ಮುದ್ರಣದ ಆಯ್ಕೆಗೆ ಹೋಗಿ ಪಿಡಿಎಫ್ ಆಗಿ ಉಳಿಸಿದಾಗ ಬೀಗವಿಲ್ಲದ ಪ್ರತಿ ಸಿಕ್ಕಿತು. ಡಿಜಿಟಲ್ ಸಹಿ ಇರುವ ದಾಖಲೆಗೆ ಮಾತ್ರ ಈ ಉಪಾಯ ಬೇಡ. ಸಹಿಯ ಮಾನ್ಯತೆ ಉಳಿಯುವುದಿಲ್ಲ.

ಜೋಡಿಸಿದ್ದು ಪಿಡಿಎಫ್‌ಸ್ಯಾಮ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ. ಅದು ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತದೆ. ಗುರುತಿನ ಪತ್ರವನ್ನು ಯಾವುದೋ ಜಾಲತಾಣಕ್ಕೆ ಏರಿಸಲು ನನಗೆ ಮನಸ್ಸಿರಲಿಲ್ಲ. ಹೆಸರುಗಳ ಮುಂದೆ 01, 02 ಎಂದು ಸೇರಿಸಿದ್ದರಿಂದ ಅನುಕ್ರಮ ತಾನಾಗಿಯೇ ಸರಿಹೋಯಿತು.

ಒಟ್ಟು ಗಾತ್ರ 2.8 ಎಂಬಿ. ಮೊಬೈಲಿನಲ್ಲಿ ತೆರೆದು ನೋಡಿದರೆ ಐದನೆಯ ಪುಟ ಅಡ್ಡಡ್ಡ ಮಲಗಿತ್ತು. ಅದನ್ನು ತಿರುಗಿಸಿ, ಮತ್ತೊಮ್ಮೆ ಜೋಡಿಸಿ ಕಳುಹಿಸಿದೆ.