ಎಸ್‌.ಪಿ. ರೋಡಿಗೆ ಹೋಗುವ ಮುನ್ನ: ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರ್ ಜೋಡಿಸಲು

ಕಂಪ್ಯೂಟರ್ ಭಾಗ ಕೊಳ್ಳಲು ಬೆಂಗಳೂರಿನ ಎಸ್‌.ಪಿ. ರೋಡಿಗೆ ಬರಿಗೈಯಲ್ಲಿ ಹೋಗಬೇಡಿ. ಮಾಡೆಲ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ. ಆಗ ‘ಅದು ಸ್ಟಾಕ್ ಇಲ್ಲ, ಇದೂ ಹಾಗೇ ಸಾರ್’ ಎಂಬ ಮಾತಿಗೆ ನೀವು ಮರುಳಾಗುವುದಿಲ್ಲ.

ಚೀಟಿಯಲ್ಲಿ ಮೊದಲು ಪ್ರೊಸೆಸರ್ ಬರೆಯಿರಿ. ಮಕ್ಕಳ ಓದು, ಆಫೀಸ್ ಕೆಲಸ, ಸಣ್ಣಪುಟ್ಟ ಗೇಮ್‌ಗೆ ಎಎಂಡಿಯ ರೈಜನ್ 5 5600ಜಿ ಸಾಕು. 2021ರದ್ದು, ಹಳೆಯದಾಯಿತು ನಿಜ. ಆದರೆ 6 ಕೋರ್ ಇವೆ, ಮಾನಿಟರ್‌ಗೆ ಚಿತ್ರ ಕೊಡುವ ಗ್ರಾಫಿಕ್ಸ್ ಒಳಗೇ ಇದೆ. ಆ ‘ಜಿ’ ಅಕ್ಷರ ಮರೆಯಬೇಡಿ. ಬರೀ 5600 ತಂದರೆ ಗ್ರಾಫಿಕ್ಸ್ ಕಾರ್ಡ್ ಹಾಕುವ ತನಕ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೂ ಹೀಗೇ.

ಇದಕ್ಕೆ ಎಎಂ4 ಸಾಕೆಟ್‌ನ (ಪ್ರೊಸೆಸರ್ ಕೂರುವ ಜಾಗ) ಬಿ450 ಇಲ್ಲವೇ ಬಿ550 ಮದರ್‌ಬೋರ್ಡ್ ಬೇಕು, ಉಳಿದ ಭಾಗಗಳೆಲ್ಲ ಇದಕ್ಕೇ ಜೋಡಿಸುವುದು. ಹಳೇ ಸ್ಟಾಕ್ ಆಗಿದ್ದರೆ ಅದು ಈ ಪ್ರೊಸೆಸರನ್ನು ಗುರುತಿಸದೇ ಇರಬಹುದು, ಅಂಗಡಿಯಲ್ಲೇ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿ.

ರ್‍ಯಾಮ್ ಡಿಡಿಆರ್4 ಆಗಿರಲಿ. 16 ಜಿಬಿಯ ಒಂದರ ಬದಲು 8 ಜಿಬಿಯ ಎರಡು ತನ್ನಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಎರಡಿದ್ದರೆ ಡೇಟಾ ಎರಡು ದಾರಿಯಲ್ಲಿ ಹರಿಯುತ್ತದೆ. ಗೇಮ್ ಆಡುವಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 2025ರ ಕೊನೆಗೆ ರ್‍ಯಾಮ್ ಬೆಲೆ ವಿಪರೀತ ಏರಿತು. ಹಾಗಾಗಿ ಅದರ ದರ ಕೇಳಿಕೊಂಡೇ ಉಳಿದ ಲೆಕ್ಕ ಹಾಕಿ.

ಫೈಲ್ ಇಡಲು ಎಸ್‌ಎಸ್‌ಡಿ 500 ಜಿಬಿಯ ಎನ್‌ವಿಎಂಇ (ವೇಗದ ಬಗೆ) ಸಾಕು. ಜೆನ್ 4, ಅಂದರೆ ಇನ್ನೂ ವೇಗದ ನಾಲ್ಕನೇ ತಲೆಮಾರಿನದು ಅಂತ ಜಾಸ್ತಿ ಕೊಟ್ಟರೆ ಸುಮ್ನೆ ದಂಡ. 5600ಜಿಯಲ್ಲಿ ಅದು ಜೆನ್ 3 ವೇಗದಲ್ಲೇ ಓಡುತ್ತದೆ.

ಎಲ್ಲ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಲ್ಲಿ ಮಾತ್ರ ದಯವಿಟ್ಟು ಉಳಿಸಲು ಹೋಗಬೇಡಿ. ನನ್ನ ಮೊದಲ ಕಂಪ್ಯೂಟರ್‌ಗೆ ಕ್ಯಾಬಿನೆಟ್ ಜೊತೆ ಬಂದದ್ದನ್ನೇ ಹಾಕಿದ್ದೆ. ಒಂದು ಸಂಜೆ ಕರೆಂಟ್ ಹೋಗಿ ಬಂತು, ಸುಟ್ಟ ವಾಸನೆ ಎದ್ದಿತು. ಜೊತೆಗೆ ಬೋರ್ಡೂ ಹೋಯಿತು. ಕೂಡಿಟ್ಟ ದುಡ್ಡು, ತುಂಬಾ ಹೊಟ್ಟೆ ಉರಿಯಿತು. ಈ ಜೋಡಣೆಗೆ 450 ವ್ಯಾಟ್ ಧಾರಾಳ. ‘80 ಪ್ಲಸ್ ಬ್ರಾಂಜ್’ ಗುರುತು ನೋಡಿ, ಆದರೆ ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದರ ಲೆಕ್ಕ ಅಷ್ಟೇ. ಓವರ್ ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯೇ, ವಾರಂಟಿ ಕನಿಷ್ಠ 3 ವರ್ಷ ಇದೆಯೇ ಎಂದೂ ಡಬ್ಬದ ಮೇಲೆ ಓದಿ.

ದರ ಕೇಳುವಾಗಲೇ ‘ಜಿಎಸ್‌ಟಿ ಸೇರಿಸಿ ಹೇಳಿ’ ಅನ್ನಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಜೊತೆ ತಾಳೆ ನೋಡಿ. ಶನಿವಾರ ಬೆಳಿಗ್ಗೆಯೇ ಹೊರಡಿ, ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.