ಮಳೆ ದಿನ ನೋಡಿಕೊಂಡೇ ಫ್ಯೋರ್ಡ್‌ಗೆ: ನನ್ನ ಅನುಭವ

ಬೇಸಿಗೆಗೆ ಊರಿಂದ ಬಂದವರಿಗೆ ಫ್ಯೋರ್ಡ್ (ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಿರಿದಾದ ಕಡಲು) ತೋರಿಸುವ ಕೆಲಸ ನಾರ್ವೆಯಲ್ಲಿರುವ ನಮ್ಮಂಥವರಿಗೆ ವರ್ಷವರ್ಷವೂ ಇದ್ದದ್ದೇ. ಕಡಲ ತೀರದ ಬರ್ಗೆನ್ ನಗರದಲ್ಲಿ ಮೂರು ದಿನ ಉಳಿದು, ಅದರಲ್ಲಿ ಮಳೆಯ ದಿನವನ್ನೇ ಆರಿಸಿ, ಫ್ಯೋರ್ಡ್ ದಡದ ಎರಡು ಊರುಗಳ ನಡುವೆ ಓಡುವ ಗುಡ್ವಾಂಗೆನ್–ಫ್ಲೋಮ್ ಬೋಟ್ ಹತ್ತುತ್ತೇವೆ ಅಂದಾಗ ಸ್ನೇಹಿತರೆಲ್ಲ ‘ದುಡ್ಡು ನೀರುಪಾಲು’ ಅಂದಿದ್ದರು. ಮೊದಲ ಎರಡು ಬೇಸಿಗೆ ಅವರ ಮಾತೇ ನಿಜವಾಯಿತು. ಮೂರನೆಯದರಲ್ಲಿ ನಾವು ಆರು ಜನ, ಎಂಟು ವರ್ಷದವಳಿಂದ ಹಿಡಿದು ಎಪ್ಪತ್ತು ದಾಟಿದವರವರೆಗೆ. ಎರಡು ಗಂಟೆಯ ಪಯಣದಲ್ಲಿ ಒಂದು ಗಂಟೆಗೂ ಹೆಚ್ಚು ಎಲ್ಲರೂ ಡೆಕ್ ಮೇಲೇ ಇದ್ದೆವು. ಯಾರಿಗೂ ನೆಗಡಿ ಕೂಡ ಆಗಲಿಲ್ಲ.

ಮೊದಲು ತಪ್ಪಿದ್ದು ಎಲ್ಲಿ ಅಂದರೆ, ನಾವು ಮಳೆಯನ್ನು ನೋಡುತ್ತಿದ್ದೆವು, ಮೋಡವನ್ನು ನೋಡುತ್ತಿರಲಿಲ್ಲ. ಮೋಡ ಕೆಳಗಿಳಿದ ದಿನ ಸ್ಟೇಗಾಸ್ಟೈನ್‌ಗೆ ಹತ್ತಿದೆವು. ಅದು ಫ್ಯೋರ್ಡ್‌ಗಿಂತ 650 ಮೀಟರ್ ಮೇಲೆ, 30 ಮೀಟರ್ ಹೊರಗೆ ಚಾಚಿದ ಮರದ ಕಟ್ಟೆ. ತುದಿಯಲ್ಲಿ ನಿಂತರೆ ಎದುರಿಗೆ ಸುಣ್ಣ ಬಳಿದ ಗೋಡೆಯಂಥ ಬಿಳುಪು, ಅಷ್ಟೆ. ಬಸ್ಸಿಗೆ ತಲೆಗೆ ನಾನೂರು ಕ್ರೋನರ್ (ನಾರ್ವೆಯ ಹಣ) ಹತ್ತಿರ ಹೋಗಿತ್ತು. ಜುಲೈನಲ್ಲಿ ಜೋಗಕ್ಕೆ ಹೋಗಿ ಮಂಜಿನ ಮುಂದೆ ಕಾದು ನಿಂತವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬೀಳುವ ದಿನ ಎತ್ತರದ ಜಾಗ ಪೂರ್ತಿ ಬಿಡಬೇಕು, ನೀರಿನ ಮಟ್ಟದಲ್ಲೇ ಇರಬೇಕು. ಬೋಟ್ ಮೋಡದ ಕೆಳಗೇ ಸಾಗುತ್ತದೆ.

ನಾರ್ವೆಯ ಹವಾಮಾನ ಆ್ಯಪ್ ಯೂರ್‌ನಲ್ಲಿ (Yr) ಬರ್ಗೆನ್‌ನ ಮುನ್ಸೂಚನೆ ನೋಡಿ ನಿರ್ಧರಿಸಬೇಡಿ. ಬರ್ಗೆನ್‌ನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ಕಡಲಿನ ಮೋಡ ಅಲ್ಲೇ ಬಹುಪಾಲು ಬರಿದಾಗುವುದರಿಂದ ಫ್ಲೋಮ್ ಕಡೆ ಒಳಗೆ ಹೋದಂತೆ ಮಳೆ ಕಡಿಮೆ. ಗುಡ್ವಾಂಗೆನ್ ಮತ್ತು ಫ್ಲೋಮ್ ಎರಡನ್ನೂ ಬೇರೆಬೇರೆ ಹಾಕಿ, ಗಂಟೆವಾರು ಪಟ್ಟಿ ತೆರೆದು, ಕೆಳಮೋಡ ಎಷ್ಟು ಶೇಕಡಾ ಇದೆ ನೋಡಿ. ಗಂಟೆಗೆ ಅರ್ಧದಿಂದ ಎರಡು ಮಿ.ಮೀ. ಮಳೆ, ಗಾಳಿ ಸೆಕೆಂಡಿಗೆ ಐದಾರು ಮೀಟರ್ ಒಳಗೆ, ಹಿಂದಿನ ರಾತ್ರಿ ಜೋರು ಮಳೆ ಬಿದ್ದಿದ್ದರೆ ಅದೇ ದಿನ. ನಾಲ್ಕೈದು ದಿನ ಒಣಹವೆ ಇದ್ದರೆ ಬಂಡೆ ಮೇಲಿನ ಸಣ್ಣ ಜಲಪಾತಗಳೆಲ್ಲ ಬತ್ತಿ, ಹೆಸರಿರುವ ದೊಡ್ಡವು ಮಾತ್ರ ಉಳಿಯುತ್ತವೆ. ರಾತ್ರಿ ಮಳೆ ಬಿದ್ದ ಬೆಳಿಗ್ಗೆ ಒಂದೇ ಬಂಡೆಯ ಮೇಲೆ ಹದಿನೇಳು ಬಿಳಿ ಎಳೆ ಎಣಿಸಿದ್ದೇವೆ. ಬಿಸಿಲಿನಲ್ಲಿ ಒಂದು ಗೋಡೆ ಕಣ್ಣು ಕುಕ್ಕುತ್ತದೆ, ಎದುರಿನದು ಕಪ್ಪು ನೆರಳು. ಮೋಡದ ಬೆಳಕಿನಲ್ಲಿ ಎರಡೂ ಗೋಡೆ ಸಮನಾಗಿ ಕಾಣುತ್ತವೆ, ನೀರಿನ ಹಸಿರೂ ಗಾಢವಾಗುತ್ತದೆ.

ಹೊರಡುವ ದಿಕ್ಕು ಮುಖ್ಯ. ಬಹಳ ಜನ ಫ್ಲೋಮ್‌ನಿಂದ ಹತ್ತುತ್ತಾರೆ. ಮಳೆ ದಿನಕ್ಕೆ ಅದು ಉಲ್ಟಾ. ಗುಡ್ವಾಂಗೆನ್‌ನಿಂದ ಹೊರಟರೆ ಮೊದಲ ಒಂದು ಗಂಟೆಯಲ್ಲೇ ನ್ಯಾರೊಯ್‌ಫ್ಯೋರ್ಡ್‌ನ 17 ಕಿ.ಮೀ. ಮುಗಿಯುತ್ತದೆ. 250 ಮೀಟರ್‌ಗೆ ಕಿರಿದಾಗುವ ಜಾಗವೂ ಅದರಲ್ಲೇ ಬಂತು. ಮಕ್ಕಳ ಬಟ್ಟೆ ಇನ್ನೂ ಒಣಗಿರುತ್ತದೆ, ಹುರುಪೂ ಇರುತ್ತದೆ. ಔರ್ಲಾಂಡ್ಸ್‌ಫ್ಯೋರ್ಡ್‌ಗೆ ತಿರುಗಿದ ಮೇಲೆ ಅಗಲ ಹೆಚ್ಚು, ಆಗ ಒಳಗೆ ಕೂತು ಊಟ ಮಾಡಿದರೂ ನಷ್ಟವಿಲ್ಲ. ದಡದ ಪುಟ್ಟ ಹಳ್ಳಿ ಉಂಡ್ರೆಡಾಲ್ ಬಂದಾಗ ಐದು ನಿಮಿಷ ಹೊರಗೆ ಬಂದರೆ ಸಾಕು. ಕೊನೆಗೆ ಫ್ಲೋಮ್‌ನಿಂದ ಬೆಟ್ಟದ ಮೇಲಿನ ಮಿರ್ಡಾಲ್ ನಿಲ್ದಾಣಕ್ಕೆ ಏರುವ ಫ್ಲೋಮ್ ರೈಲು, ಒಳಗೆ ಬೆಚ್ಚಗಿರುತ್ತದೆ. ಜಾಕೆಟ್‌ಗಳು ಅಲ್ಲೇ ಅರ್ಧ ಒಣಗುತ್ತವೆ.

ಹಾಗಾಗಿ ಸರಪಳಿ ಹೀಗೆ: ಬರ್ಗೆನ್–ವೋಸ್ ರೈಲು ಸುಮಾರು ಒಂದೂಕಾಲು ಗಂಟೆ, ವೋಸ್–ಗುಡ್ವಾಂಗೆನ್ ಬಸ್ಸು ಒಂದು ಗಂಟೆ, ಬೋಟ್ ಎರಡು ಗಂಟೆ, ಫ್ಲೋಮ್–ಮಿರ್ಡಾಲ್ ಒಂದು ಗಂಟೆ, ಮಿರ್ಡಾಲ್–ಬರ್ಗೆನ್ ಎರಡು ಗಂಟೆ. ವೋಸ್‌ನಲ್ಲಿ ಹತ್ತು ನಿಮಿಷ ಮಾತ್ರ ಅಂತರ ಇಟ್ಟುಕೊಂಡು ಒಂದು ಸಲ ಕೆಟ್ಟೆವು. ರೈಲು ತಡವಾಯಿತು, ಬಸ್ಸು ಹೋಯಿತು, ಬೋಟ್ ಟಿಕೆಟ್ ಹಣ ವಾಪಸ್ ಬರಲಿಲ್ಲ. ಈಗ ನಲವತ್ತು ನಿಮಿಷಕ್ಕಿಂತ ಕಡಿಮೆ ಇಡುವುದಿಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಬೋಟ್‌ಗೆ ದೊಡ್ಡವರಿಗೆ ಆರುನೂರರ ಆಸುಪಾಸು, ಫ್ಲೋಮ್ ರೈಲಿಗೆ ಐನೂರರ ಸುತ್ತ, ಬಸ್ಸು ಮತ್ತು ಎರಡು ರೈಲು ಸೇರಿ ಏಳೆಂಟು ನೂರು. ಮಕ್ಕಳಿಗೆ ಸುಮಾರು ಅರ್ಧ. ಪ್ಯಾಕೇಜ್ ಬಿಟ್ಟು ಬಿಡಿಬಿಡಿಯಾಗಿ ಕೊಂಡಿದ್ದರಿಂದ ಆರು ಜನಕ್ಕೆ ಸಾವಿರದಿನ್ನೂರು ಕ್ರೋನರ್ ಉಳಿಯಿತು. ಬೋಟ್ ಹಿಂದಿನ ದಿನ ಸಿಕ್ಕೀತು, ಫ್ಲೋಮ್ ರೈಲು ಸಿಗದೆ ಹೋಗಬಹುದು. ದೊಡ್ಡ ಕ್ರೂಸ್ ಹಡಗು ಬಂದ ದಿನ ರೈಲು ತುಂಬುತ್ತದೆ. ಫ್ಲೋಮ್ ಬಂದರಿಗೆ ಯಾವ ದಿನ ಯಾವ ಹಡಗು ಅನ್ನುವ ಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ. ಮೂರು ದಿನದಲ್ಲಿ ಹಡಗಿಲ್ಲದ ದಿನಗಳನ್ನು ಗುರುತಿಟ್ಟುಕೊಂಡು, ಅದರಲ್ಲಿ ಮಳೆ ನೋಡಿ ಆರಿಸಬೇಕು. ಮೂರು ದಿನಕ್ಕೂ ಟಿಕೆಟ್ ಕೈಗೆಟುಕುವಂತೆ ಇಟ್ಟುಕೊಳ್ಳುವ ಒಂದು ಉಪಾಯ ನನ್ನ ಹತ್ತಿರ ಇದೆ, ಅದನ್ನು ಬರೆದರೆ ಮುಂದಿನ ಬೇಸಿಗೆಗೆ ನನಗೇ ಸಿಗದು.

ಬಟ್ಟೆಯಲ್ಲಿ ಆದಷ್ಟು ನಷ್ಟ ಬೇರೆ ಯಾವುದರಲ್ಲೂ ಆಗಿಲ್ಲ. ಊರಿಂದ ತಂದ ತೆಳು ಪ್ಲಾಸ್ಟಿಕ್ ಪಾಂಚೊ ಡೆಕ್ ಗಾಳಿಗೆ ಹತ್ತು ನಿಮಿಷದಲ್ಲಿ ಕಂಕುಳಲ್ಲಿ ಹರಿಯಿತು. ಛತ್ರಿ ಬಿಚ್ಚಲೂ ಆಗದು. ಸ್ಕೂಟರ್ ರೇನ್‌ಕೋಟ್ ನೀರು ತಡೆಯುತ್ತದೆ, ಆದರೆ ಒಳಗೆ ಬೆವರಿ ಹಸಿಯಾಗಿ ಅದೇ ಚಳಿ ಹತ್ತುತ್ತದೆ. ಜೀನ್ಸ್ ಅಂತೂ ನೆನೆದರೆ ಸಂಜೆವರೆಗೂ ಆರುವುದಿಲ್ಲ. ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಇಳಿಯುತ್ತಿದ್ದದ್ದು ಸುಮ್ಮನೆ ಅಲ್ಲ, ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ. ಮೈಗೆ ತಾಗುವುದು ತೆಳು ಉಣ್ಣೆ, ಮೇಲೆ ಫ್ಲೀಸ್, ಅದರ ಮೇಲೆ ಹೊಲಿಗೆಗೆ ಟೇಪ್ ಹಾಕಿದ ಮಳೆ ಜಾಕೆಟ್, ಕಾಲಿಗೆ ಮಳೆ ಪ್ಯಾಂಟ್. ಮಕ್ಕಳಿಗೆ ಇಲ್ಲಿನ ಶಾಲೆ ಮಕ್ಕಳು ಹಾಕುವ ರಬ್ಬರಿನಂಥ ರೆಗ್ನ್‌ಡ್ರೆಸ್ಸೇ ಸರಿ. ಹಳೆ ಬಟ್ಟೆ ಮಾರುವ ಫ್ರೆಟೆಕ್ಸ್ ಅಂಗಡಿಯಲ್ಲಿ ಬಳಸಿದ್ದು ನೂರು–ನೂರೈವತ್ತಕ್ಕೆ ಸಿಕ್ಕಿತು. ಬೂಟು ಒಂದು ಸೈಜ್ ದೊಡ್ಡದಿರಲಿ, ಉಣ್ಣೆ ಕಾಲುಚೀಲ ಹಿಡಿಸಬೇಕು.

ಡೆಕ್‌ನಲ್ಲಿ ಎಲ್ಲರೂ ಮುಂದಕ್ಕೆ ನುಗ್ಗುತ್ತಾರೆ, ಮಳೆ ನೇರ ಮುಖಕ್ಕೆ ಹೊಡೆಯುವುದು ಅಲ್ಲೇ. ಹಿಂಭಾಗದಲ್ಲಿ, ಕ್ಯಾಬಿನ್ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಗಾಳಿ ಮರೆ. ಬ್ಯಾಟರಿಯಲ್ಲಿ ಓಡುವ ಬೋಟ್ ಸಿಕ್ಕರೆ ಬಿಡಬೇಡಿ, 2018ರಲ್ಲಿ ಬಂದದ್ದು ಅದು. ಎಂಜಿನ್ ಸದ್ದಿಲ್ಲದ್ದರಿಂದ ಸೋನೆ ಮಳೆ ನೀರಿಗೆ ಬೀಳುವ ಸಿಮಿಸಿಮಿ, ಆಚೆ ದಡದ ಜಲಪಾತದ ಮೊರೆತ ಎರಡೂ ಬೇರೆಬೇರೆಯಾಗಿ ಕಿವಿಗೆ ಬರುತ್ತವೆ. ಕ್ಯಾಮೆರಾವನ್ನು ಚಳಿಯಿಂದ ಒಳಗೆ ತಂದ ಕೂಡಲೇ ಲೆನ್ಸ್ ಮಂಜು ಹಿಡಿಯುತ್ತದೆ. ಹೊರಗೇ ಜಿಪ್ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ, ಆಮೇಲೆ ಒಳಗೆ ತನ್ನಿ. ಕವರ್ ಹೊರಮೈ ಬೆವರು ಬಿಟ್ಟ ಮೇಲೆ ತೆಗೆಯಿರಿ. ಫೋನ್ ಪರದೆ ನೆನೆದರೆ ಬೆರಳಿಗೆ ಸ್ಪಂದಿಸದು, ವಾಲ್ಯೂಮ್ ಬಟನ್ ಒತ್ತಿ ಫೋಟೊ ತೆಗೆಯಬೇಕು.

ಊಟದ ಪ್ರಯೋಗ ಮೂರು ಮಾಡಿದೆವು. ಚಿತ್ರಾನ್ನ ಹನ್ನೆರಡು ಡಿಗ್ರಿಯಲ್ಲಿ ಕಲ್ಲಾಯಿತು. ಉಪ್ಪಿಟ್ಟಿನ ಮಿಕ್ಸ್ ಫ್ಲಾಸ್ಕ್ ನೀರಲ್ಲಿ ಗಂಟು ಕಟ್ಟಿತು. ಗೆದ್ದದ್ದು ಗೊಜ್ಜವಲಕ್ಕಿ: ತರಿ ಮಾಡಿದ ಅವಲಕ್ಕಿಗೆ ಹುಣಸೆ, ಬೆಲ್ಲ, ಸಾರಿನಪುಡಿ, ಎಣ್ಣೆ ಒಗ್ಗರಣೆ ಸೇರಿಸಿ ಒಣಗಿಸಿದ ಮಿಶ್ರಣ. ಒಂದು ಕಪ್‌ಗೆ ಮುಕ್ಕಾಲು ಕಪ್ ಬಿಸಿನೀರು, ಮುಚ್ಚಿ ಆರು ನಿಮಿಷ. ಊರಿಂದ ಬರುವವರು ತುಪ್ಪದ ಒಗ್ಗರಣೆ ಹಾಕಿ ತರುವುದು ಬೇಡ, ಹೊರಗಿನಿಂದ ಹಾಲಿನ ಪದಾರ್ಥ ನಾರ್ವೆಗೆ ತರುವಂತಿಲ್ಲ. ಬೋಟ್ ಕ್ಯಾಂಟೀನಿನಲ್ಲಿ ಆರು ಜನಕ್ಕೆ ಸಾವಿರ ದಾಟುತ್ತಿತ್ತು.

ಕೊನೆಯ ರೈಲು ಹೊರಡುವ ಫ್ಲೋಮ್ ಸಮುದ್ರಮಟ್ಟದಿಂದ 2 ಮೀಟರ್ ಎತ್ತರ, ಅದು ತಲುಪುವ ಮಿರ್ಡಾಲ್ 867. ನಡುವೆ ಕ್ಯೋಸ್‌ಫೋಸೆನ್ ಜಲಪಾತದ ಬಳಿ ರೈಲು ಐದು ನಿಮಿಷ ನಿಲ್ಲುತ್ತದೆ. ಮಳೆ ದಿನ ಆ ಜಲಪಾತದ ತುಂತುರು ಪ್ಲಾಟ್‌ಫಾರ್ಮ್ ಮೇಲೆಲ್ಲ ಬೀಳುತ್ತದೆ. ಇಳಿಯುವ ಮುಂಚೆ ಮತ್ತೆ ಜಾಕೆಟ್ ಏರಿಸಿ, ಜಿಪ್ ಗಂಟಲವರೆಗೆ ಎಳೆದುಕೊಳ್ಳಿ. ಅದಾದ ಮೇಲೆ ಮಿರ್ಡಾಲ್‌ನಲ್ಲಿ ರೈಲು ಕಾಯುವಾಗ ಕಾಲಿನಿಂದ ಚಳಿ ಏರುತ್ತದೆ, ಒಣ ಕಾಲುಚೀಲದ ಜೊತೆಗಳನ್ನು ಜಿಪ್ ಕವರ್‌ನಲ್ಲಿ ಕಟ್ಟಿ ಅಲ್ಲಿಗೆಂದೇ ಎತ್ತಿಟ್ಟುಕೊಂಡಿರಬೇಕು.